ಬಂಡಿಹಬ್ಬಕ್ಕೊಂದು ಕಳವು, ಮಳೆಗಾಲಕ್ಕೊಂದು ಕೊಲೆ!

ರಜೆಯಲ್ಲಿ ಓದಲಿಕ್ಕೆ ಪತ್ತೇದಾರಿ ಪುಸ್ತಕಗಳು. ಜೊತೆಗೆ ಕಾಣೆಯಾದವನೊಬ್ಬನ ಹುಡುಕಾಟ

ಬೊಬ್ರುವಾಡ (ಅಂಕೋಲಾ):

ಕಾಣೆಯಾಗಿದ್ದಾನೆ! ಹೆಸರು ಪುರುಷೋತ್ತಮ. ಉದ್ಯೋಗ ಪತ್ತೇದಾರಿಕೆ. ಹುಟ್ಟಿದ್ದು 1952ರಲ್ಲಿ. ಕೊನೆಯ ಸಲ ಕಂಡದ್ದು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ, ಯಾರದೋ ಕೈಯಲ್ಲಿ, ರಟ್ಟು ಕಿತ್ತುಹೋದ ಸ್ಥಿತಿಯಲ್ಲಿ. ಸುಳಿವು ಸಿಕ್ಕವರು ಹತ್ತಿರದ ಗ್ರಂಥಾಲಯಕ್ಕೆ ತಿಳಿಸಬೇಕು.

ಇದು ಪೋಲೀಸ್ ಠಾಣೆಯ ಪ್ರಕಟಣೆ ಅಲ್ಲ. ಆದರೂ ಪ್ರಕರಣ ಗಂಭೀರವೇ. ಒಂದು ಕಾಲದಲ್ಲಿ ಕನ್ನಡ ನಾಡಿನ ಚಾ ಅಂಗಡಿ, ದರ್ಜಿ ಅಂಗಡಿ, ಕ್ಷೌರದ ಅಂಗಡಿಯ ಬೆಂಚು, ಬಸ್ ಸ್ಟ್ಯಾಂಡಿನ ಪುಸ್ತಕದ ಗೂಡು ಎಲ್ಲೆಲ್ಲಿಯೂ ಕಾಣಸಿಗುತ್ತಿದ್ದ ಈ ಮಹಾಶಯ ಈಗ ದುರ್ಬೀನು ಹಾಕಿ ಹುಡುಕಿದರೂ ಸಿಗಲೊಲ್ಲ. ಕಳ್ಳರನ್ನು ಹಿಡಿದು ಕೊಟ್ಟವನೇ ಕಳೆದುಹೋದರೆ ಹುಡುಕುವವರು ಯಾರು?

ಅಂಕೋಲೆ ಪೇಟೆಗೆ ಅಂಟಿಕೊಂಡ ಬೊಬ್ರುವಾಡದಂಥ ಊರಿನಲ್ಲಿ ರಜೆ ಬಂತೆಂದರೆ ಮನೆ ತುಂಬ ಜನ. ಮುಂಬಯಿಯವರು, ಗೋವೆಯವರು, ಹುಬ್ಬಳ್ಳಿಯವರು. ಮೊದಲೆರಡು ದಿನ ಮೀನು, ಮಾತು, ತಿರುಗಾಟ. ಮೂರನೇ ದಿನದಿಂದ ಎಲ್ಲರ ಕೈಯಲ್ಲೂ ಮೊಬೈಲು. ನಾಲ್ಕನೇ ದಿನ ಕರೆಂಟು ಕೈಕೊಟ್ಟು ಅದೂ ಆರಿದಾಗ ಯಾರಾದರೊಬ್ಬರ ಬಾಯಲ್ಲಿ ಆ ಹಳೇ ಮಾತು ಬರುವುದೇ: "ಓದೂಕೆ ಎಂತಾದ್ರೂ ಇದ್ರೆ ಕೊಡಿ ಮಾರಾಯ್ರೆ!"

ಆ ಪ್ರಶ್ನೆಗೆ ಉತ್ತರವಾಗಿ ವರ್ಷದ ನಾಲ್ಕು ಕಾಲಕ್ಕೂ ಹೊಂದುವ ಒಂದು ಪಟ್ಟಿ ಇಲ್ಲಿದೆ. ಪಟ್ಟಿಗೆ ಮೊದಲು ಕಾಣೆಯಾದವನ ಪೂರ್ವಾಪರ ಸ್ವಲ್ಪ ತಿಳಿಯಬೇಕು.

ನಾಲ್ಕನೇ ಕ್ಲಾಸು, ಐನೂರು ಪುಸ್ತಕ

ಪುರುಷೋತ್ತಮನನ್ನು ಹುಟ್ಟಿಸಿದವರು ಎನ್. ನರಸಿಂಹಯ್ಯ. ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ! ಮೊದಲನೆಯದರ ಹೆಸರೇ 'ಪತ್ತೇದಾರ ಪುರುಷೋತ್ತಮ'. ಆಮೇಲೆ ಮಧುಸೂದನ ಮೊದಲಾದ ಬೇರೆ ಪತ್ತೇದಾರರೂ ಬಂದರು. ಬೆಳಗಿನ ಬಸ್ಸಿನಲ್ಲಿ ಶುರು ಮಾಡಿದರೆ ಸಂಜೆ ಬಸ್ಸಿಗೆ ಮುಗಿಯುವಷ್ಟು ತೆಳ್ಳಗಿನ ಪುಸ್ತಕ, ಅಗ್ಗದ ಕಾಗದ, ಎದೆ ಝಲ್ಲೆನ್ನಿಸುವ ಮುಖಚಿತ್ರ.

ಶಾಲೆ ಮಾಸ್ತರರು ಇವನ್ನು ಕಂಡರೆ ಕಸಿದು ಇಟ್ಟುಕೊಳ್ಳುತ್ತಿದ್ದರು. (ಕಸಿದದ್ದನ್ನು ರಾತ್ರಿ ತಾವೇ ಓದಿ ಮುಗಿಸಿದ ಮಾಸ್ತರರೂ ಇಲ್ಲದಿಲ್ಲ.) ದೊಡ್ಡ ಸಾಹಿತಿಗಳು ಮೂಗು ಮುರಿದರು. "ಇದೂ ಒಂದು ಸಾಹಿತ್ಯವೇ?" ಎಂದರು. ಆದರೆ ಪಠ್ಯಪುಸ್ತಕ ಬಿಟ್ಟು ಬೇರೆ ಏನನ್ನೂ ಮುಟ್ಟದವನು, ಅಕ್ಷರ ಕೂಡಿಸಿ ಕೂಡಿಸಿ ಓದುವವನು, ಮುಂದೇನಾಯಿತು ಎಂಬ ಒಂದೇ ಆಸೆಗೆ ಪುಟ ತಿರುಗಿಸುತ್ತ ಹೋದ. ಹತ್ತು ಪುಸ್ತಕ ಆಗುವ ಹೊತ್ತಿಗೆ ಓಟ ಬಂತು. ನೂರು ಆಗುವ ಹೊತ್ತಿಗೆ ಕಾರಂತರನ್ನೂ ಭೈರಪ್ಪನವರನ್ನೂ ಕೈಗೆತ್ತಿಕೊಳ್ಳುವ ಧೈರ್ಯ ಬಂತು. ಏಣಿಯ ಕೆಳಗಿನ ಮೆಟ್ಟಿಲು ಸವೆದಿರುತ್ತದೆ, ಕೆಸರು ಹತ್ತಿರುತ್ತದೆ. ಆದರೆ ಅದನ್ನೇ ಕಿತ್ತು ಹಾಕಿದರೆ ಮೇಲೆ ಹತ್ತುವುದು ಹೇಗೆ?

ನರಸಿಂಹಯ್ಯನವರು 2011ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸಿದ್ದ ಬಾಡಿಗೆ ಲೈಬ್ರರಿಗಳು ಟಿವಿ ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದ್ದವು. ಅಗ್ಗದ ಕಾಗದ ಮಳೆಗಾಲದ ತಂಪಿಗೆ ಹಿಟ್ಟಾಯಿತು. ಉಳಿದದ್ದನ್ನು ಗೆದ್ದಲು ತಿಂದಿತು. ಗೆದ್ದಲು ಬಿಟ್ಟದ್ದು ರದ್ದಿಗೆ ಹೋಯಿತು.

ರಜೆಗೆ ಕೊಲೆ: ನಾರ್ವೆಯವರ ಪದ್ಧತಿ

ಹಬ್ಬದ ರಜೆಗೂ ಕೊಲೆಯ ಕತೆಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳುವವರು ನಾರ್ವೆ ದೇಶದ ಸಂಗತಿ ಕೇಳಬೇಕು. ಅಲ್ಲಿ ಈಸ್ಟರ್ ರಜೆ ಬಂತೆಂದರೆ ಊರಿಗೆ ಊರೇ ಗುಡ್ಡದ ಮನೆಗಳಿಗೆ ಹೋಗಿ ಪತ್ತೇದಾರಿ ಕಾದಂಬರಿ ಓದುತ್ತ ಕೂರುತ್ತದೆ. ಹಾಲಿನ ಪೊಟ್ಟಣದ ಮೇಲೂ ಆ ವಾರ ಪತ್ತೇದಾರಿ ಚಿತ್ರಕತೆ ಅಚ್ಚಾಗುತ್ತದೆ.

ಇದು ಶುರುವಾದದ್ದು 1923ರಲ್ಲಿ, ಒಂದು ಪತ್ರಿಕೆಯ ಮುಖಪುಟದಿಂದ. ಬರ್ಗೆನ್ ರೈಲು ರಾತ್ರಿ ಲೂಟಿಯಾಯಿತು ಎಂಬ ಅರ್ಥದ ದಪ್ಪಕ್ಷರದ ಸಾಲು ನೋಡಿ ಆ ರೈಲಿನಲ್ಲಿ ತಮ್ಮವರು ಇದ್ದವರು ಗಾಬರಿ ಬಿದ್ದರಂತೆ. ಆಮೇಲೆ ನೋಡಿದರೆ ಅದು ಸುದ್ದಿಯೇ ಅಲ್ಲ. ನೂರ್ದಾಲ್ ಗ್ರೀಗ್ ಮತ್ತು ನಿಲ್ಸ್ ಲೀ ಎಂಬ ಇಬ್ಬರು ಯುವಕರು ಸೇರಿ ಬರೆದ ಹೊಸ ಕಾದಂಬರಿಯ ಜಾಹೀರಾತು! ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ನೂರು ವರ್ಷ ಕಳೆದರೂ ಪದ್ಧತಿ ನಿಂತಿಲ್ಲ.

ಇಂಗ್ಲೆಂಡಿನಲ್ಲಿ ಅಗಾಥಾ ಕ್ರಿಸ್ಟಿಯ ಪುಸ್ತಕವನ್ನು ಪ್ರಕಾಶಕರು ಕ್ರಿಸ್ಮಸ್ಸಿಗೆಂದೇ ಮಾರುಕಟ್ಟೆಗೆ ಬಿಡುತ್ತಿದ್ದರು. ಬಂಗಾಲಿಗಳಿಗೂ ಪೂಜಾ ರಜೆ ಅಂದರೆ ಓದಿನ ಕಾಲವೇ. ಅವರಿಗೆ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ಬಕ್ಷಿ 1932ರಿಂದ ಇದ್ದಾನೆ, ಸತ್ಯಜಿತ್ ರಾಯರ ಫೆಲೂದಾ 1965ರಿಂದ ಇದ್ದಾನೆ. ಇಬ್ಬರ ಪುಸ್ತಕಗಳೂ ಇಂದಿಗೂ ಅಚ್ಚಿನಲ್ಲಿವೆ. ನಮ್ಮ ಪುರುಷೋತ್ತಮನೊಬ್ಬನೇ ನಾಪತ್ತೆ!

ಇರಲಿ. ಈಗ ಪಟ್ಟಿಗೆ ಬರೋಣ.

ಬೇಸಿಗೆ: ಈಶಾಡಿನ ಜೊತೆ

ವೈಶಾಖದ ಹುಣ್ಣಿಮೆಗೆ ಅಂಕೋಲೆಯ ಬಂಡಿಹಬ್ಬ. ಅದೇ ಹೊತ್ತಿಗೆ ಪೇಟೆ ತುಂಬ ಕರಿ ಈಶಾಡು ಮಾವಿನಹಣ್ಣು. 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು ಇದು. ಶಾಲೆಗೆ ರಜೆ, ಮಧ್ಯಾಹ್ನಕ್ಕೆ ಸೆಖೆ. ದಪ್ಪ ಪುಸ್ತಕ ಹಿಡಿದರೆ ನಿದ್ದೆ ಖಂಡಿತ.

ಈ ಕಾಲಕ್ಕೆ ನರಸಿಂಹಯ್ಯನವರೇ ಸರಿ. ಕತೆ ಮೊದಲ ಪುಟದಲ್ಲೇ ಓಡಲಿಕ್ಕೆ ಶುರುವಾಗುತ್ತದೆ, ವರ್ಣನೆ ಕಡಿಮೆ, ಮಾತು ಹೆಚ್ಚು. ಏಳನೇ ಕ್ಲಾಸಿನ ಹುಡುಗನೂ ಓದಬಹುದು, ಅವನ ಅಜ್ಜನೂ ಓದಬಹುದು. ಆದರೆ ಹುಡುಕಬೇಕು. ಅಟ್ಟ, ಹಳೇ ಟ್ರಂಕು, ಅಜ್ಜಿಯ ಪೆಟ್ಟಿಗೆಯ ತಳ ನೋಡಬೇಕು. ಒಂದು ಸಿಕ್ಕರೂ ಸಾಕು, ಮನೆಯಲ್ಲಿ ಓದಲಿಕ್ಕೆ ಪಾಳಿ ಹಚ್ಚುತ್ತಾರೆ. ಕೊನೆಯ ಪುಟ ಹರಿದಿದ್ದರೆ ಇನ್ನೂ ಮಜಾ. ಕೊಲೆಗಾರ ಯಾರು ಎಂಬುದನ್ನು ಮನೆಮಂದಿಯೆಲ್ಲ ಜಗುಲಿಯಲ್ಲಿ ಕೂತು ತೀರ್ಮಾನಿಸಬಹುದು!

ಸಿಗದೇ ಹೋದರೆ ಕಾನನ್ ಡಾಯ್ಲ್ ಸೃಷ್ಟಿಸಿದ ಶೆರ್ಲಾಕ್ ಹೋಮ್ಸ್ ಇದ್ದಾನೆ. 1887ರಲ್ಲಿ ಹುಟ್ಟಿದ ಈತನ ಸಾಹಸಗಳು ಕನ್ನಡದಲ್ಲಿಯೂ ಬಂದಿವೆ. ಹೆಚ್ಚಿನವು ಸಣ್ಣ ಕತೆಗಳು. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ತಾಸಿನಲ್ಲಿ ಒಂದು ಕತೆ ಮುಗಿಯುತ್ತದೆ.

ಮಳೆಗಾಲ: ದೋಣಿ ದಡದಲ್ಲಿ, ಪುಸ್ತಕ ಕೈಯಲ್ಲಿ

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ದಂಡೆಯ ಮನೆಗಳಲ್ಲಿ ಬಲೆ ನೇಯುವ ಕೆಲಸ. ಪೇಟೆ ಅಂಗಡಿಗಳಲ್ಲಿ ಗಿರಾಕಿ ಇಲ್ಲ. ಅಂಗಡಿಕಾರ ಮಳೆ ನೋಡುತ್ತ ನೊಣ ಹೊಡೆಯುವ ಕಾಲ. ದಪ್ಪ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಈ ಕಾಲಕ್ಕೆ ಪೂರ್ಣಚಂದ್ರ ತೇಜಸ್ವಿ. 1994ರ 'ಜುಗಾರಿ ಕ್ರಾಸ್' ಕಾದಂಬರಿಯಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಗಂಡಹೆಂಡಿರು ತಮಗೆ ಗೊತ್ತಿಲ್ಲದೆಯೇ ಒಂದು ಗೂಢಕ್ಕೆ ಸಿಕ್ಕಿಬೀಳುತ್ತಾರೆ. ಇಡೀ ಕತೆ ಒಂದು ದಿನದೊಳಗೆ ನಡೆದು ಮುಗಿಯುತ್ತದೆ. ಘಟ್ಟದ ರಸ್ತೆ, ಬಸ್ಸು, ರೈಲು, ಕಾಡು, ಕಳ್ಳ ದಂಧೆ ಎಲ್ಲ ಉಂಟು. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವವರು ಇದನ್ನು ಬಸ್ಸಿನಲ್ಲಿ ಓದಿದರೆ ಪ್ರತಿ ತಿರುವಿನಲ್ಲೂ ಒಂದು ಸಲ ಹಿಂದೆ ತಿರುಗಿ ನೋಡಿಯೇ ನೋಡುತ್ತಾರೆ.

ಇನ್ನೊಂದು 1985ರ 'ಚಿದಂಬರ ರಹಸ್ಯ'. ಕೆಸರೂರು ಎಂಬ ಊರು. ಏಲಕ್ಕಿ ಬೆಳೆ ಯಾಕೆ ಕುಸಿಯಿತು, ಜೋಗಿಹಾಳ್ ಎಂಬ ವಿಜ್ಞಾನಿ ಸತ್ತದ್ದು ಹೇಗೆ ಎಂದು ವಿಚಾರಿಸಲು ಅಂಗಾಡಿ ಎಂಬ ಅಧಿಕಾರಿ ಬರುತ್ತಾನೆ. ಬಂದವನಿಗೆ ಕೊಲೆಗಾರನಿಗಿಂತ ಊರೇ ದೊಡ್ಡ ಒಗಟಾಗುತ್ತದೆ. ಜಾತಿ, ರಾಜಕೀಯ, ಗಾಳಿಮಾತು ಎಲ್ಲ ಕಲಸಿಕೊಂಡು ಹೋಗುತ್ತದೆ. ಓದುತ್ತ ನಗು ಬರುತ್ತದೆ, ಮುಗಿಸಿದಾಗ ನಗು ನಿಲ್ಲುತ್ತದೆ. 1987ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಪತ್ತೇದಾರಿ ಅಂದರೆ ಸಾಹಿತ್ಯವಲ್ಲ ಎನ್ನುವವರ ಬಾಯಿಗೆ ಬೀಗ!

ಚೌತಿ, ದೀಪಾವಳಿ: ನಮ್ಮೂರವರ ಒಗಟು

ಚೌತಿಗೆ ಮುಂಬಯಿಯಿಂದ ಬಂದವರಿಗೆ ಕೊಡಬೇಕಾದ ಪುಸ್ತಕ ಯಶವಂತ ಚಿತ್ತಾಲರ 'ಶಿಕಾರಿ'. ಚಿತ್ತಾಲರು ಇಲ್ಲಿಯವರೇ. ಗೋಕರ್ಣದ ಹತ್ತಿರದ ಹನೇಹಳ್ಳಿಯವರು, ಹುಟ್ಟಿದ್ದು 1928ರಲ್ಲಿ. ಬಾಳಿದ್ದು, ದುಡಿದದ್ದು ಮುಂಬಯಿಯ ಕಂಪನಿಯಲ್ಲಿ, 2014ರಲ್ಲಿ ತೀರಿಕೊಂಡರು. 1979ರಲ್ಲಿ ಬಂದ ಈ ಕಾದಂಬರಿಯ ನಾಗಪ್ಪ ದೊಡ್ಡ ಹುದ್ದೆಯವ. ಏನು ತಪ್ಪು ಮಾಡಿದನೆಂದು ಗೊತ್ತಿಲ್ಲದೆಯೇ ಕೆಲಸದಿಂದ ದೂರ ಇಡಲ್ಪಡುತ್ತಾನೆ. ಹೆಣೆದವರು ಯಾರು? ಯಾತಕ್ಕೆ? ಇಲ್ಲಿ ಬೇಟೆಯಾಡಿಸಿಕೊಂಡವನೇ ಪತ್ತೇದಾರನೂ ಆಗಬೇಕು. ಮುಂಬಯಿಯ ಚಾಳು, ಆಫೀಸು, ಊರಿನ ಹಳೇ ದ್ವೇಷ ಎಲ್ಲ ಬಲ್ಲ ಮನೆಗಳಿಗೆ ಇದು ಬೇರೆಯವರ ಕತೆ ಅನ್ನಿಸುವುದಿಲ್ಲ. 'ಛೇದ' ಎಂಬ ಅವರದೇ ಇನ್ನೊಂದು ಕಾದಂಬರಿಯೂ ಅದೇ ಜಾತಿಯದು. ಚಿತ್ತಾಲರ 1990ರ ಕಾದಂಬರಿಯ ಹೆಸರೂ 'ಪುರುಷೋತ್ತಮ'! ಆದರೆ ಹೆಸರು ನೋಡಿ ಮೋಸ ಹೋಗಬಾರದು, ನರಸಿಂಹಯ್ಯನವರ ಪತ್ತೇದಾರ ಅಲ್ಲಿಲ್ಲ.

ಅಂಕೋಲೆಯಲ್ಲೇ ಹುಟ್ಟಿದ ವಿವೇಕ ಶಾನಭಾಗರ 'ಘಾಚರ್ ಘೋಚರ್' ದೀಪಾವಳಿಯ ಲೆಕ್ಕಪುಸ್ತಕ ಮುಗಿಸಿದ ಅಂಗಡಿಕಾರರಿಗೆ. ಮಸಾಲೆ ವ್ಯಾಪಾರದಿಂದ ದಿಢೀರನೆ ಮೇಲೆ ಬಂದ ಒಂದು ಕುಟುಂಬ. ದುಡ್ಡಿನ ಸುತ್ತ ಮನೆಮಂದಿ ಇರುವೆಗಳಂತೆ ಸಾಲುಗಟ್ಟುವ ಬಗೆ. ಪತ್ತೇದಾರ ಇಲ್ಲ, ಪೋಲೀಸ್ ಇಲ್ಲ, ಹೆಣವೂ ಇಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ಏನೋ ಒಂದು ಅಪರಾಧ ನಡೆದುಹೋಯಿತು, ಅದನ್ನು ಎಲ್ಲರೂ ನೋಡಿಯೂ ಸುಮ್ಮನಿದ್ದರು ಎಂದು ಬೆನ್ನು ತಣ್ಣಗಾಗುತ್ತದೆ. ಇಂಗ್ಲಿಷಿಗೆ ಹೋಗಿ ಹೊರದೇಶಗಳಲ್ಲಿಯೂ ಹೆಸರು ಮಾಡಿದ ಈ ಪುಸ್ತಕ ತೆಳ್ಳಗಿದೆ, ಒಂದೇ ರಾತ್ರಿಯ ಓದು.

ದೀಪಾವಳಿಯ ಬೆನ್ನಿಗೋ ಮುನ್ನವೋ ನವೆಂಬರ್ ಒಂದು ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ರಿಕ್ಷಾ ನಿಲ್ದಾಣದಲ್ಲಿ, ಅಂಗಡಿ ಮುಂಗಟ್ಟಿನಲ್ಲಿ ಹಳದಿ-ಕೆಂಪು ಬಾವುಟ. ಅದನ್ನು ರೂಪಿಸಿದವರು ಯಾರು? ಬಹಳ ಜನರಿಗೆ ಗೊತ್ತಿಲ್ಲದ ರಹಸ್ಯ ಇದು. ಮ. ರಾಮಮೂರ್ತಿ! ಕನ್ನಡ ಚಳವಳಿಯ ಮುಂದಾಳು, ಜೊತೆಗೆ ಹೆಸರಾಂತ ಪತ್ತೇದಾರಿ ಕಾದಂಬರಿಕಾರ. 1967ರ ಡಿಸೆಂಬರಿನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಜೊತೆ ಪ್ರಾಣ ಬಿಟ್ಟರು. ಅವರು ಕೊಟ್ಟ ಬಾವುಟ ಊರೂರಲ್ಲಿ ಹಾರುತ್ತಿದೆ. ಅವರು ಬರೆದ ಪುಸ್ತಕ ಒಂದಾದರೂ ಊರಲ್ಲಿ ಉಂಟೇ? ಬಾವುಟ ಏರಿಸುವ ಸಂಘದವರು ಈ ಸಲ ಒಂದು ಪುಸ್ತಕವನ್ನೂ ಹುಡುಕಿ ತಂದು ಮೇಜಿನ ಮೇಲಿಟ್ಟರೆ ರಾಜ್ಯೋತ್ಸವಕ್ಕೆ ಶೋಭೆ.

ಚಳಿಗಾಲ: ಸಿನಿಮಾ ನೋಡಿದವರಿಗೆ

ಡಿಸೆಂಬರಿನ ರಜೆಯಿಂದ ಸುಗ್ಗಿ ಕುಣಿತದ ಗುಮಟೆ ಸದ್ದು ಕೇಳುವವರೆಗೆ ಅಂಕೋಲೆಯ ಹವೆ ಚಂದ. ಸಂಜೆ ಹೊರಗೆ ಕೂತು ಓದಬಹುದು.

ಈ ಕಾಲಕ್ಕೆ ಟಿ.ಕೆ. ರಾಮರಾವ್. 1972ರಲ್ಲಿ ರಾಜಕುಮಾರ್ ಅಭಿನಯಿಸಿದ 'ಬಂಗಾರದ ಮನುಷ್ಯ' ನೋಡದವರು ಯಾರು? ಅದರ ಮೂಲ ಕಾದಂಬರಿ ಇವರದು. ಆದರೆ ಇವರ ನಿಜವಾದ ಕೈಚಳಕ ನಿಗೂಢ ಕತೆಗಳಲ್ಲಿ. 'ಕೋವಿ ಕುಂಚ', 'ದಿಬ್ಬದ ಬಂಗಲೆ', 'ಮೂರನೆಯ ಕೀಲಿಕೈ' ಎಂಬ ಹೆಸರು ಕೇಳಿದರೇ ಸಾಕು, ಕೈ ಪುಟ ತಿರುವುತ್ತದೆ. ಗದ್ದಲ ಇಲ್ಲದ ಬರವಣಿಗೆ. ಮಂಜು ಇಳಿದಂತೆ ಭಯ ಮೆಲ್ಲಗೆ ಇಳಿಯುತ್ತದೆ. 1981ರ ಅಂಬರೀಶ್ ಚಿತ್ರ 'ಅಂತ' ನೋಡಿ ಶಿಳ್ಳೆ ಹೊಡೆದವರು ಎಚ್.ಕೆ. ಅನಂತರಾವ್ ಬರೆದ ಮೂಲ ಕಾದಂಬರಿ ಹುಡುಕಬಹುದು. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು.

ಹೊಸ ಕಾಲದವರಲ್ಲಿ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರದು ಬೇರೆ ದಾರಿ. 'ಕನಕ ಮುಸುಕು', 'ಕರಿಸಿರಿಯಾನ' ಮೊದಲಾದವುಗಳಲ್ಲಿ ಹೆಣದ ಬದಲು ಇತಿಹಾಸವನ್ನೇ ತನಿಖೆಗೆ ಒಡ್ಡುತ್ತಾರೆ. ಗೇರುಸೊಪ್ಪೆಯ ಮೆಣಸಿನ ರಾಣಿ ಚೆನ್ನಭೈರಾದೇವಿಯ ಕತೆ 'ಬಳ್ಳಿಕಾಳ ಬೆಳ್ಳಿ' ಜಿಲ್ಲೆಯವರಿಗೆ ವಿಶೇಷ ರುಚಿ. ಕಾಲೇಜು ಹುಡುಗರು ಅನುಷ್ ಎ. ಶೆಟ್ಟಿಯವರ 'ಜೋಡ್ಪಾಲ', 'ಹುಲಿ ಪತ್ರಿಕೆ' ನೋಡಬಹುದು.

ಕಳ್ಳ ಸಿಗುವ ಪುಸ್ತಕ

ಇಷ್ಟೆಲ್ಲ ಕೊಲೆ, ಕಳವು ಯಾಕೆ ಓದಬೇಕು? ದಿನಾ ಪೇಪರಿನಲ್ಲಿ ಬರುವುದು ಸಾಲದೇ?

ಸಾಲದು. ಪೇಪರಿನಲ್ಲಿ ಕಳವು ಇರುತ್ತದೆ, ಕೊನೆಯ ಪುಟ ಇರುವುದಿಲ್ಲ. ಇದೇ ಅಂಕೋಲೆ ತಾಲೂಕಿನ ಬೇಲೆಕೇರಿ ಬಂದರನ್ನೇ ನೋಡಿ. 2010ರಲ್ಲಿ ಅಲ್ಲಿ ಸರಕಾರ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಮಾಯ! ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವೇ ಅದು? ಗುಡ್ಡದಂಥ ರಾಶಿ. ನರಸಿಂಹಯ್ಯನವರು ಹೀಗೆ ಬರೆದಿದ್ದರೆ "ಇದು ಅತಿಯಾಯ್ತು" ಎಂದು ಓದುಗರೇ ಪುಸ್ತಕ ಮುಚ್ಚುತ್ತಿದ್ದರು. ಆ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ, ಹದಿನಾಲ್ಕು ವರ್ಷದ ಮೇಲೆ. ಮರು ತಿಂಗಳೇ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಪತ್ತೇದಾರಿ ಪುಸ್ತಕದಲ್ಲಿ ಹಾಗಲ್ಲ. ಎಷ್ಟೇ ದೊಡ್ಡ ಮನುಷ್ಯನಾಗಲಿ, ಎಷ್ಟೇ ಜಾಣನಾಗಲಿ, ಕೊನೆಯ ಪುಟದೊಳಗೆ ಸಿಕ್ಕಿಬೀಳಲೇಬೇಕು. ದಿನವಿಡೀ ತಕ್ಕಡಿ ಹಿಡಿದು, ಬಸ್ಸಿನಲ್ಲಿ ನಿಂತು ಬಂದವನಿಗೆ ರಾತ್ರಿ ಅಷ್ಟಾದರೂ ನ್ಯಾಯ ಬೇಡವೇ? ಜೊತೆಗೆ ಒಂದು ಅಭ್ಯಾಸವೂ ಬರುತ್ತದೆ: ಕೇಳಿದ್ದನ್ನೆಲ್ಲ ನಂಬದೆ, ಯಾರಿಗೆ ಲಾಭ ಎಂದು ಕೇಳುವುದು. ಊರಿನ ವ್ಯವಹಾರಕ್ಕೂ ಇದು ಒಳ್ಳೆಯ ಅಭ್ಯಾಸವೇ.

ಹುಡುಕುವವರು ನೀವೇ

ಈಗ ಕಾಣೆಯಾದವನ ವಿಚಾರ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ಮನೆ, ಅಂಗಡಿಯ ಆಸ್ತಿ ತೆರಿಗೆ 100 ರೂಪಾಯಿ ಆದರೆ ಅದರ ಮೇಲೆ 6 ರೂಪಾಯಿ ಗ್ರಂಥಾಲಯ ಕರ ಎಂದು ಸೇರುತ್ತದೆ. ಮನೆಯಲ್ಲಿರುವ ತೆರಿಗೆ ರಸೀದಿ ತೆಗೆದು ನೋಡಿದರೆ ಗೊತ್ತಾದೀತು. ಅಂದರೆ ಪುಸ್ತಕದ ಮುಖ ನೋಡದ ಅಂಗಡಿಕಾರನೂ ಪುಸ್ತಕಕ್ಕೆ ಹಣ ಕೊಟ್ಟೇ ಇದ್ದಾನೆ! ಕೊಟ್ಟ ಮೇಲೆ ಕೇಳುವ ಹಕ್ಕೂ ಉಂಟು.

ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರೂ ಸೇರಿದೆ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಮಕ್ಕಳು ಬರುವ ಕಡೆ ಸ್ಪರ್ಧಾ ಪರೀಕ್ಷೆಯ ಪುಸ್ತಕ, ಮಹಾಪುರುಷರ ಚರಿತ್ರೆ ಬೇಕು, ಬೇಡವೆಂದವರಿಲ್ಲ. ಆದರೆ ಒಂದು ಕಪಾಟಿನ ಒಂದು ಅಡ್ಡೆಯಲ್ಲಿ ಪುರುಷೋತ್ತಮನಿಗೂ ಜಾಗ ಇರಲಿ. ಮೊಬೈಲು ಬಿಟ್ಟು ಏಳದ ಹುಡುಗನನ್ನು ಪುಸ್ತಕಕ್ಕೆ ಎಳೆಯುವ ಶಕ್ತಿ ಉಪದೇಶಕ್ಕಿಲ್ಲ. "ಆಮೇಲೆ ಬಾಗಿಲು ತೆರೆದು ನೋಡಿದರೆ..." ಎಂಬ ಮಾತಿಗೆ ಇದೆ.

ಆದ್ದರಿಂದ ಈ ರಜೆಯಲ್ಲಿ ಕೆಲಸ ಎರಡು. ಒಂದು, ಗ್ರಂಥಾಲಯಕ್ಕೆ ಹೋಗಿ ಈ ಪುಸ್ತಕ ತರಿಸಿ ಎಂದು ಚೀಟಿ ಬರೆದು ಕೊಡುವುದು. ಒಬ್ಬರು ಕೇಳಿದರೆ ನಗಬಹುದು, ಇಪ್ಪತ್ತು ಜನ ಕೇಳಿದರೆ ತರಿಸುತ್ತಾರೆ. ಎರಡು, ರದ್ದಿಯವನ ಗಂಟೆ ಕೇಳಿಸುವ ಮೊದಲು ಅಟ್ಟ ಹತ್ತುವುದು. ರಟ್ಟು ಹರಿದ, ಎಣ್ಣೆ ಕಲೆಯ, ಯಾರದೋ ಹೆಸರು ಬರೆದ ಹಳೇ ಪತ್ತೇದಾರಿ ಸಿಕ್ಕರೆ ತೂಕಕ್ಕೆ ಹಾಕದೆ ಓದುವವರ ಕೈಗೆ ಮುಟ್ಟಿಸುವುದು. ತೂಕಕ್ಕೆ ಹಾಕಿದರೆ ಒಂದು ಚಾ ಕುಡಿಯುವಷ್ಟೂ ಬರಲಿಕ್ಕಿಲ್ಲ. ಅದೇ ಪುಸ್ತಕ ಇನ್ನೊಂದು ಪ್ರತಿ ನಾಡಿನಲ್ಲಿ ಉಳಿದಿಲ್ಲದೆ ಇದ್ದರೂ ಇರಬಹುದು.

ಐನೂರು ಪುಸ್ತಕದಲ್ಲಿ ಕಳ್ಳರನ್ನು ಹಿಡಿದವರ ಪೈಕಿ ಒಬ್ಬನನ್ನಾದರೂ ಗೆದ್ದಲಿನ ಕೈಯಿಂದ ಬಿಡಿಸಿದರೆ ಅದೇ ದೊಡ್ಡ ಪತ್ತೇದಾರಿಕೆ. ಏಣಿ ಎಲ್ಲಿದೆ ಎಂದು ಮನೆಯಲ್ಲಿ ಕೇಳಿ. ಟಾರ್ಚು ಹಿಡಿದು ಹತ್ತಿ.